ಆಯ್ದವರ ಆಟ

ತುಳುನಾಡಿನ ಹಳೆಯ ತಲೆಮಾರಿನವರಿಗೆ ‘ಆಟ’ ಎಂದೊಡನೆ ನೆನಪಾಗುವುದು ಯಕ್ಷಗಾನ. ಆಟಕ್ಕೆ ಹೋಗುವುದೆಂದರೆ ಬಯಲಿಗೆ ಹೋಗಿ ಬೆಳಗಿನವರೆಗೆ ಕುಳಿತಿರುವುದು. ಆ ಬಯಲಿನಲ್ಲಿ ಕೆಲವೊಮ್ಮೆ ‘ಕೂಡಾಟ’ವೆಂಬ ವಿಶೇಷವೂ ಇರುತ್ತಿತ್ತು. ಬೇರೆ ಬೇರೆ ಮೇಳಗಳ ಹೆಸರಾಂತ ವೇಷಧಾರಿಗಳು ಒಂದೇ ರಂಗಸ್ಥಳಕ್ಕೆ ಬರುತ್ತಿದ್ದರು. ಪ್ರಸಂಗದ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಜನ ಸೇರುತ್ತಿದ್ದದ್ದು ಇಂಥವರ ಎದುರು ಇಂಥವರು ಹೇಗೆ ನಿಲ್ಲುತ್ತಾರೆ ಎಂಬುದನ್ನು ಕಣ್ಣಾರೆ ಕಾಣುವುದಕ್ಕೆ. ಮರುದಿನ ಕಲಾವಿದರೆಲ್ಲ ತಮ್ಮ ತಮ್ಮ ಮೇಳಗಳಿಗೆ ಮರಳುತ್ತಿದ್ದರು.

ಅಮೆರಿಕದ ಪ್ರೌಢಶಾಲೆಗಳ ಬಾಸ್ಕೆಟ್‌ಬಾಲಿನಲ್ಲಿಯೂ ಇಂಥ ಒಂದು ಕೂಡಾಟವಿದೆ. ವರ್ಷಕ್ಕೊಮ್ಮೆ, ಶಾಲಾ ಪಂದ್ಯಗಳೆಲ್ಲ ಮುಗಿದ ಮೇಲೆ, ದೇಶದ ಶಾಲೆಗಳಿಂದ ಆರಿಸಿದ 24 ಹುಡುಗರನ್ನು ಎರಡು ತಂಡಗಳಾಗಿ ಮಾಡಿ ಆಡಿಸುತ್ತಾರೆ. ಈಗ ಹುಡುಗಿಯರಿಗೂ ಅಂಥದೇ ಪಂದ್ಯವಿದೆ. ಆದರೆ ನಮ್ಮ ಕೂಡಾಟಕ್ಕೂ ಇದಕ್ಕೂ ಒಂದು ದೊಡ್ಡ ಅಂತರ. ಅಲ್ಲಿ ಆಡುವ ಮಕ್ಕಳು ಆಟ ಮುಗಿದ ಮೇಲೆ ತಮ್ಮ ಶಾಲಾ ತಂಡಗಳಿಗೆ ಮರಳುವುದಿಲ್ಲ. ಅವರಲ್ಲಿ ಹೆಚ್ಚಿನವರು ಮುಂದೆ ಯಾವ ವಿಶ್ವವಿದ್ಯಾನಿಲಯಕ್ಕಾಗಿ ಆಡಬೇಕೆಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಪಂದ್ಯವೆಂಬುದು ಆಗಿಹೋದ ಆಯ್ಕೆಯ ಪ್ರದರ್ಶನ.

ದೂರದ ಈ ಪಂದ್ಯದ ವಿಚಾರ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕೇಳುಗರಿಗೆ ಏಕೆ ಎಂಬ ಪ್ರಶ್ನೆ ಸಹಜ. ಆಟ ಬಲ್ಲ ಮಗುವನ್ನು ಕಾಲೇಜು ಹುಡುಕಿಕೊಂಡು ಬರುವ ಪದ್ಧತಿ ಈಗ ನಮ್ಮ ನೆಲದಲ್ಲಿಯೂ ಬೇರೂರಿದೆ. ಆ ಪದ್ಧತಿಗೆ ಅಮೆರಿಕದವರು ಇಟ್ಟ ಹೆಸರು ಒಂದು, ನಾವು ಇಟ್ಟ ಹೆಸರು ಇನ್ನೊಂದು. ಆ ಎರಡು ಹೆಸರುಗಳ ಚರಿತ್ರೆಯನ್ನು ಜೊತೆಯಾಗಿ ನೋಡುವುದು ಈ ಭಾಷಣದ ಉದ್ದೇಶ.

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಅಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯಿತ್ತು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತ ವಿದ್ಯಾರ್ಥಿಗಳಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಹದಿಮೂರು ನಿಯಮಗಳ ಹೊಸ ಆಟವೊಂದನ್ನು ಕಟ್ಟಿಕೊಟ್ಟರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಾಂಜನಕ್ಕೆ ಹೊಡೆದು, ಕಾಲ್ಚೆಂಡನ್ನೇ ಕೈಗೆ ಕೊಟ್ಟರು. ತರಗತಿಯಲ್ಲಿದ್ದವರು 18 ಮಂದಿ. ಆದ್ದರಿಂದ ಪಕ್ಷಕ್ಕೆ ಒಂಬತ್ತರಂತೆ ಆಡಿದರು. ಇದು ಗಮನಿಸತಕ್ಕ ಸಂಗತಿ. ಆ ಮೊದಲ ಆಟದಲ್ಲಿ ಆಯ್ಕೆ ಎಂಬುದೇ ಇರಲಿಲ್ಲ. ತರಗತಿಯಲ್ಲಿದ್ದ ಅಷ್ಟೂ ಜನರಿಗೆ ಅಂಗಳದಲ್ಲಿ ಸ್ಥಳವಿತ್ತು.

ಆಟ ಅಂಗಳದಿಂದ ವಿಶ್ವವಿದ್ಯಾನಿಲಯಗಳಿಗೆ ಹೋದಾಗ ಸಂಗತಿ ಬದಲಾಯಿತು. ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸಲು 1906ರಲ್ಲಿ ಒಂದು ಸಂಘ ಹುಟ್ಟಿತು. 1910ರಿಂದ ಅದರ ಹೆಸರು ಎನ್.ಸಿ.ಎ.ಎ. ಆಟಗಾರನಿಗೆ ಕಾಲೇಜು ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬ ವಾದ ಆ ಸಂಘದಲ್ಲಿ ಅರ್ಧ ಶತಮಾನ ನಡೆಯಿತು. ಕೊನೆಗೆ 1956ರಲ್ಲಿ, ಕೇವಲ ಆಟದ ಯೋಗ್ಯತೆಯ ಮೇಲೆ ವಿದ್ಯಾರ್ಥಿವೇತನ ಕೊಡುವುದಕ್ಕೆ ಸಂಘ ಒಪ್ಪಿತು. 1964ರಿಂದ ಶಾಲೆಯ ಹುಡುಗ ಇಂಥ ಕಾಲೇಜಿಗೇ ಸೇರುತ್ತೇನೆಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಕ್ರಮ ಬಂತು. 2024ರಲ್ಲಿ ಅದನ್ನು ಕೈಬಿಡುವವರೆಗೆ, ಅರುವತ್ತು ವರ್ಷ, ಆ ಸಹಿಯ ದಿನ ಅಲ್ಲಿಯ ಶಾಲೆಗಳಲ್ಲಿ ಹಬ್ಬದ ದಿನವಾಗಿತ್ತು.

ಹೀಗೆ ಆಯ್ದ ಹುಡುಗರನ್ನು ಒಟ್ಟಿಗೆ ನೋಡಬೇಕೆಂಬ ಆಸೆ ಪ್ರೇಕ್ಷಕರಲ್ಲಿ ಹುಟ್ಟಿದ್ದು ಸ್ವಾಭಾವಿಕವೇ. ಮ್ಯಾಕ್‌ಡೊನಾಲ್ಡ್ಸ್ ಎಂಬ ಉಪಾಹಾರಗೃಹಗಳ ಕಂಪೆನಿ 1977ರಲ್ಲಿ ಮೊದಲ ಬಾರಿಗೆ ಇಂಥ ತಂಡವನ್ನು ಆರಿಸಿತು. 1978ರಲ್ಲಿ ಫಿಲಡೆಲ್ಫಿಯಾದಲ್ಲಿ ಆ ಕಂಪೆನಿಯ ಹೆಸರಿನ ಪಂದ್ಯವೇ ನಡೆಯಿತು. 1981ರಲ್ಲಿ ವಿಚಿಟಾ ನಗರದ ಪಂದ್ಯದಲ್ಲಿ ಮೈಕೆಲ್ ಜೋರ್ಡನ್ ಎಂಬ ಹುಡುಗ 30 ಅಂಕ ಗಳಿಸಿದ. ಅಂದು ಪಂದ್ಯದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಹೋದದ್ದು ಮಾತ್ರ ಬೇರೆ ಇಬ್ಬರಿಗೆ. ಮುಂದೆ ಲೋಕವೆಲ್ಲ ನೆನಪಿಟ್ಟುಕೊಂಡದ್ದು ಪ್ರಶಸ್ತಿ ತಪ್ಪಿದವನ ಹೆಸರನ್ನು. 2002ರಲ್ಲಿ ಹುಡುಗಿಯರ ಪಂದ್ಯವೂ ಸೇರಿತು. ಎರಡೇ ವರ್ಷಗಳಲ್ಲಿ, 2004ರಲ್ಲಿ, ಹಾರಿ ಬುಟ್ಟಿಗೆ ಚೆಂಡು ತುರುಕುವ ಸ್ಪರ್ಧೆಯಲ್ಲಿ ಕ್ಯಾಂಡೇಸ್ ಪಾರ್ಕರ್ ಎಂಬ ಹುಡುಗಿ ಹುಡುಗರನ್ನೂ ಸೋಲಿಸಿದಳು. ಆರಿಸುವವರ ಕಣ್ಣು ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಇನ್ನು ಹೆಸರಿನ ವಿಚಾರ. ಕಾಲೇಜು ಆರಿಸಿಕೊಂಡ ಹುಡುಗನನ್ನು ಅಮೆರಿಕದಲ್ಲಿ ‘ರಿಕ್ರೂಟ್’ ಎನ್ನುತ್ತಾರೆ. ಅದು ಸೈನ್ಯದ ಮಾತು. ದಂಡಿಗೆ ಹೊಸದಾಗಿ ಸೇರಿದ ಆಳಿಗೆ ಇದ್ದ ಹೆಸರು. ಸೇರಿದ ಮೇಲೆ ಅವನಿಗೆ ಇನ್ನೊಂದು ಹೆಸರು: ‘ವಿದ್ಯಾರ್ಥಿ-ಕ್ರೀಡಾಪಟು’. ಕಿವಿಗೆ ಇಂಪಾದ ಈ ಜೋಡುಪದದ ಹಿಂದೆ ಒಂದು ಸಾವಿನ ಕತೆಯಿದೆ. 1955ರಲ್ಲಿ ಕೊಲರಾಡೋ ಸಂಸ್ಥಾನದ ರೇ ಡೆನಿಸನ್ ಎಂಬ ಯುವಕ ತನ್ನ ಕಾಲೇಜಿಗಾಗಿ ಫುಟ್‌ಬಾಲ್ ಆಡುತ್ತಿದ್ದಾಗ ತಲೆಗೆ ಪೆಟ್ಟಾಗಿ ತೀರಿಕೊಂಡ. ಕೆಲಸದಲ್ಲಿ ಸತ್ತವನ ಸಂಸಾರಕ್ಕೆ ಸಿಗುವ ಪರಿಹಾರ ತನಗೂ ಸಿಗಬೇಕೆಂದು ಅವನ ಹೆಂಡತಿ ಕೇಳಿದಳು. ಅವನು ಕಾಲೇಜಿನ ನೌಕರನಲ್ಲ ಎಂಬ ಕಾರಣಕ್ಕೆ 1957ರಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಪರಿಹಾರವನ್ನು ನಿರಾಕರಿಸಿತು. ಆಟಗಾರರನ್ನು ನೌಕರರೆಂದು ಕರೆಯುವ ಅಪಾಯವನ್ನು ತಪ್ಪಿಸುವುದಕ್ಕಾಗಿಯೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಮಾತನ್ನು ತಾವು ಚಲಾವಣೆಗೆ ತಂದೆವೆಂದು, ಎನ್.ಸಿ.ಎ.ಎ.ಯ ಮುಖ್ಯಾಧಿಕಾರಿಯಾಗಿದ್ದ ವಾಲ್ಟರ್ ಬೈಯರ್ಸ್ ಬಹುಕಾಲದ ಮೇಲೆ, 1995ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡರು. 1973ರಿಂದ ವಿದ್ಯಾರ್ಥಿವೇತನವೂ ಒಂದು ವರ್ಷದ ಕರಾರಾಯಿತು. ವರ್ಷ ವರ್ಷವೂ ಅದು ನವೀಕರಣಗೊಳ್ಳಬೇಕು. ಹಲವು ವರ್ಷಗಳಿಗೆ ಒಟ್ಟಾಗಿ ಕೊಡುವ ಅನುಮತಿ ಮತ್ತೆ ದೊರೆತದ್ದು 2012ರಲ್ಲಿ. ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದು ಒಪ್ಪಿದ್ದು 2021ರಲ್ಲಿ, ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದೆಂಬ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದದ್ದು 2025ರಲ್ಲಿ.

ಈಗ ನಮ್ಮ ಕರಾವಳಿಗೆ ಬರೋಣ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಜೆಸ್ವಿಟರು, ಇವರು ಪಾಠದ ಕೋಣೆಯ ಜೊತೆಗೆ ಮೈದಾನವನ್ನೂ ಇಟ್ಟುಕೊಂಡಿದ್ದರು. ಇತ್ತ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿ, ಅಧ್ಯಾಪಕರೂ ಶಾಲಾ ತನಿಖಾಧಿಕಾರಿಗಳೂ ಆದ ಪಂಜೆ ಮಂಗೇಶರಾಯರು ಬಾಯಿಪಾಠದ ತರಗತಿಗೆ ಹಾಡನ್ನೂ ಕತೆಯನ್ನೂ ತಂದರು. ಮಗು ಕಲಿಯುವುದು ನಾಲಗೆಯಿಂದ ಮಾತ್ರವಲ್ಲ ಎಂಬ ಅರಿವು ನಮ್ಮ ಶಾಲೆಗಳಿಗೆ ಹೀಗೆ ನಿಧಾನವಾಗಿ ಬಂತು. ಅದಕ್ಕೆ ಶಾಸ್ತ್ರದ ಬಲ ಬಂದದ್ದು ಮದರಾಸಿನಿಂದ. ನೈಸ್ಮಿತರ ಪರಂಪರೆಯ ವೈ.ಎಂ.ಸಿ.ಎ.ಯವರೇ ಆದ ಹ್ಯಾರಿ ಕ್ರೋ ಬಕ್ 1920ರಲ್ಲಿ ಅಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ಬರಿಯ ಕವಾಯತು ಮಾಡಿಸುವ ‘ಡ್ರಿಲ್ ಮಾಸ್ತರ’ರ ಸ್ಥಾನದಲ್ಲಿ ಆಟವನ್ನು ಕಲಿತು ಕಲಿಸಬಲ್ಲ ಅಧ್ಯಾಪಕರನ್ನು ಸಿದ್ಧಪಡಿಸುವುದು ಆ ಶಾಲೆಯ ಗುರಿ.

ಆದರೂ ಬಾಸ್ಕೆಟ್‌ಬಾಲ್ ನಮ್ಮ ಹಳ್ಳಿಗಳಿಗೆ ಇಳಿಯಲಿಲ್ಲ. ಭಾರತದಲ್ಲಿ ಅದರ ಮೊದಲ ರಾಷ್ಟ್ರೀಯ ಪಂದ್ಯಾಟ ದಿಲ್ಲಿಯಲ್ಲಿ ನಡೆದದ್ದು 1934ರಲ್ಲಿ, ಫೆಡರೇಷನ್ ಸ್ಥಾಪನೆಯಾದದ್ದು 1950ರಲ್ಲಿ. ಒಲಿಂಪಿಕ್ಸಿನಲ್ಲಿ ನಮ್ಮ ತಂಡ ಆಡಿದ್ದು ಒಮ್ಮೆ ಮಾತ್ರ, 1980ರಲ್ಲಿ ಮಾಸ್ಕೋದಲ್ಲಿ. ಹಳ್ಳಿಗೆ ಬಾರದಿರಲು ಕಾರಣ ಸರಳ. ಆ ಆಟಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ಚೆಂಡು ಪುಟಿಯಬೇಕು. 1936ರ ಬರ್ಲಿನ್ ಒಲಿಂಪಿಕ್ಸಿನ ಅಂತಿಮ ಪಂದ್ಯವನ್ನು ಮಣ್ಣಿನ ಅಂಗಳದಲ್ಲಿ ಮಳೆಯ ನಡುವೆ ಆಡಿಸಿದಾಗ ಚೆಂಡು ಪುಟಿಯದೆ ಅಮೆರಿಕ 19, ಕೆನಡಾ 8 ಅಂಕಗಳಿಗೆ ಆಟ ಮುಗಿದಿತ್ತು. ನಮ್ಮ ಘಟ್ಟದ ಬುಡದ ಮಳೆಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ವಾಲಿಬಾಲಿಗೆ ಎರಡು ಕಂಬ, ಒಂದು ಬಲೆ ಸಾಕು. ಕಬಡ್ಡಿಗೆ ಅದೂ ಬೇಡ. ಕೊಯ್ಲಾದ ಗದ್ದೆಯೇ ಅಂಗಳ, ಅಡಿಕೆ ಮರವೇ ಕಂಬ. ‘ಹೊನಲು ಬೆಳಕಿನ ಪಂದ್ಯಾಟ’ ಎಂಬ ಸುಂದರವಾದ ಹೆಸರು ಈ ಜಿಲ್ಲೆಯ ಭಿತ್ತಿಪತ್ರಗಳಲ್ಲಿ ನೆಲೆನಿಂತದ್ದು ಈ ಎರಡು ಆಟಗಳಿಂದ. ಆದ್ದರಿಂದ ನಮ್ಮಲ್ಲಿ ಕಾಲೇಜುಗಳು ಹುಡುಕಿಕೊಂಡು ಬಂದ ಮಕ್ಕಳು ಹೆಚ್ಚಾಗಿ ಕಬಡ್ಡಿ, ವಾಲಿಬಾಲ್, ಓಟ, ಎಸೆತಗಳ ಮಕ್ಕಳು.

ನಮ್ಮ ಶಾಲೆಗಳಲ್ಲಿ ಆಯ್ಕೆ ನಡೆಯುವುದು ಮೆಟ್ಟಿಲು ಮೆಟ್ಟಿಲಾಗಿ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ನಮ್ಮ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರಿದ್ದು. ಬೆಳ್ತಂಗಡಿಯ ಕಾಡಂಚಿನ ಶಾಲೆಯ ಹುಡುಗಿ ಗೆಲ್ಲುತ್ತ ಹೋದರೆ, ಮೈಸೂರು, ಮಂಡ್ಯ, ಹಾಸನಗಳ ಮಕ್ಕಳನ್ನು ಮೊದಲ ಬಾರಿಗೆ ಕಾಣುವುದು ಅಲ್ಲಿ. ರಾಜ್ಯಮಟ್ಟದವರೆಗೆ ಶಾಲೆಯ ತಂಡವಾಗಿ ಆಡಿದವರಲ್ಲಿ ಕೆಲವರನ್ನಷ್ಟೇ ಆರಿಸಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ರಾಜ್ಯದ ತಂಡವನ್ನು ಕಟ್ಟುತ್ತಾರೆ. ಆ ಕೂಟವನ್ನು ನಡೆಸುವ ಶಾಲಾ ಕ್ರೀಡಾ ಫೆಡರೇಷನ್ ಹುಟ್ಟಿದ್ದು 1954ರಲ್ಲಿ. ನಮ್ಮ ಪಾಲಿನ ‘ಆಯ್ದವರ ಆಟ’ ಇದೇ. ಇಲ್ಲಿ ಕಂಪೆನಿಯ ಹೆಸರಿಲ್ಲ, ತುಂಬಿದ ಗ್ಯಾಲರಿಯಿಲ್ಲ. ಸಂಜೆಯ ಹೊತ್ತು ಒಬ್ಬ ಅಧ್ಯಾಪಕರು ಕಾಗದ ಹಿಡಿದು ಹೆಸರು ಓದುತ್ತಾರೆ. ಹೆಸರು ಬಂದವರು ಒಂದು ಕಡೆ ನಿಲ್ಲುತ್ತಾರೆ, ಬಾರದವರು ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆಯುತ್ತಾರೆ.

ಈ ಮಕ್ಕಳಿಗೆ ಕಾಲೇಜಿನ ಬಾಗಿಲು ಹತ್ತಿರವಾದದ್ದು ಈಚೆಗೆ. 1960ರ ದಶಕದವರೆಗೆ ಈ ಊರುಗಳ ಹುಡುಗ ಪದವಿಗೆ ಓದಬೇಕಾದರೆ ಮಂಗಳೂರಿಗೋ ಅದರಾಚೆಗೋ ಹೋಗಬೇಕಿತ್ತು. ಮೂಡಬಿದಿರೆಯ ಶ್ರೀ ಮಹಾವೀರ ಕಾಲೇಜು, ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, ಬಂಟ್ವಾಳದ ಶ್ರೀ ವೆಂಕಟರಮಣಸ್ವಾಮಿ ಕಾಲೇಜು, ಈ ಮೂರೂ ಆ ಒಂದು ದಶಕದ ಬೆಳೆ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ವತಂತ್ರವಾಯಿತು. ಅದರೊಂದಿಗೆ ಅಂತರ ಕಾಲೇಜು ಪಂದ್ಯಗಳೂ ವಿಶ್ವವಿದ್ಯಾನಿಲಯದ ತಂಡವೂ ಮನೆಯಂಗಳದ ಸಂಗತಿಗಳಾದವು. 1995ರಲ್ಲಿ ಡಾ. ಎಂ. ಮೋಹನ ಆಳ್ವರು ಮೂಡಬಿದಿರೆಯಲ್ಲಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವನ್ನು ಆರಂಭಿಸಿದರು. ಕ್ರೀಡೆಯಲ್ಲಿ ಮುಂದಿರುವ ಮಕ್ಕಳಿಗೆ ಶುಲ್ಕವಿಲ್ಲದ ವಿದ್ಯೆ, ವಸತಿ, ಊಟ, ತರಬೇತಿಗಳನ್ನು ಒಟ್ಟಾಗಿ ಕೊಡುವ ಯೋಜನೆ ಅಲ್ಲಿ ಬೆಳೆಯಿತು. ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ 2020ರ ಮತ್ತು 2022ರ ಜನವರಿಗಳಲ್ಲಿ ಮೂಡಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆಯಿತು. 2020ರಲ್ಲಿ ಸಮಗ್ರ ಪ್ರಶಸ್ತಿ ಪಡೆದದ್ದು ಮಂಗಳೂರು ವಿಶ್ವವಿದ್ಯಾನಿಲಯವೇ. ಸಾವಿರ ಕಂಬದ ಬಸದಿಯಿಂದ ಜೈನಕಾಶಿ ಎನಿಸಿಕೊಂಡ ಊರು, ದೇಶದ ವಿಶ್ವವಿದ್ಯಾನಿಲಯಗಳ ಓಟಗಾರರೂ ಸೇರುವ ಊರಾಯಿತು.

ಈ ಯೋಜನೆಗೆ ನಮ್ಮವರು ಇಟ್ಟುಕೊಂಡ ಹೆಸರು ‘ಕ್ರೀಡಾ ದತ್ತು’. ಈ ಮಾತು ತಾನೇ ತಾನಾಗಿ ಬಂದದ್ದಲ್ಲ. ಅದಕ್ಕೆ ಒಂದು ವಂಶವಿದೆ. ಬಡ ವಿದ್ಯಾರ್ಥಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟವಿಕ್ಕುವ ವಾರಾನ್ನದ ಪದ್ಧತಿಯನ್ನು ನಮ್ಮ ಹಿರಿಯರು ಬಲ್ಲರು. ಎಷ್ಟೋ ಪಂಡಿತರು, ಸಾಹಿತಿಗಳು ವಾರಾನ್ನದಲ್ಲಿ ಬೆಳೆದವರು. ಬೆಳ್ತಂಗಡಿಯ ಉಜಿರೆಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಸ್ವಾತಂತ್ರ್ಯಪೂರ್ವದಲ್ಲೇ ತೆರೆದ ಸಿದ್ಧವನ ಗುರುಕುಲದಲ್ಲಿ, ಮನೆಮನೆಗೆ ತಿರುಗಬೇಕಾದ ವಿದ್ಯಾರ್ಥಿಗೆ ಒಂದೇ ಸೂರಿನಡಿ ಊಟವೂ ವಸತಿಯೂ ದೊರೆತವು. ಕ್ರೀಡಾ ದತ್ತು ಈ ಸಾಲಿನ ಮೂರನೆಯ ಕೊಂಡಿ. ಒಂದೇ ವ್ಯತ್ಯಾಸ: ಹಿಂದೆ ಅನ್ನವಿಕ್ಕಿದವರು ಹುಡುಗನ ಓದನ್ನು ನೋಡಿ ಇಕ್ಕಿದರು, ಈಗ ಅವನ ತೋಳು, ಕಾಲು, ಉಸಿರುಗಳನ್ನು ನೋಡಿ ಇಕ್ಕುತ್ತಾರೆ. ಓದು ಮರೆತರೆ ಮತ್ತೆ ಓದಬಹುದು. ಮೊಣಕಾಲಿನ ಒಳಗಿನ ಕಟ್ಟು ಹರಿದರೆ ಹಿಂದಿನ ವೇಗ ಮರಳುತ್ತದೆಂಬ ಭರವಸೆಯಿಲ್ಲ.

ಆರಿಸುವ ಕಣ್ಣಿನ ಮಿತಿಯನ್ನು ಈ ಊರುಗಳು ಇನ್ನೊಂದು ಬಗೆಯಲ್ಲಿಯೂ ಕಂಡಿವೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ, ಮೂಡಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು ಕೋಣಗಳೊಂದಿಗೆ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟನ ವಿಶ್ವದಾಖಲೆ 9.58. ದೇಶವೆಲ್ಲ ಬೆರಗಾಯಿತು. ಕೇಂದ್ರದ ಕ್ರೀಡಾ ಸಚಿವರು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಅವರನ್ನು ಕರೆಸಿದರು. ಅದೇ ತಿಂಗಳು ಬೆಳ್ತಂಗಡಿ ತಾಲ್ಲೂಕಿನ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಗೌಡರು ಪರೀಕ್ಷೆಗೆ ಹೋಗಲಿಲ್ಲ. ಕೆಸರಿನಲ್ಲಿ ಹಿಮ್ಮಡಿಯೂರಿ ಕೋಣಗಳ ಸೆಳೆತದೊಡನೆ ಓಡುವುದು ಬೇರೆ, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ ಓಡುವುದು ಬೇರೆ ಎಂಬುದು ಅವರ ತಿಳಿವಳಿಕೆ. ಆ ತಿಳಿವಳಿಕೆ ಲೆಕ್ಕ ಹಾಕಿದವರಿಗಿಂತ ಓಡಿದವರಲ್ಲಿ ಹೆಚ್ಚಿತ್ತು. ಗೌಡರಾದರೋ ಸ್ವಂತ ದುಡಿಮೆಯುಳ್ಳ ಪ್ರಾಯಸ್ಥರು, ಒಲ್ಲೆನೆನ್ನಬಲ್ಲವರಾಗಿದ್ದರು. ಹದಿನಾಲ್ಕು ವರ್ಷದ ಮಗುವಿಗೆ ಆ ಶಕ್ತಿ ಇರುವುದಿಲ್ಲ. ಅದರ ಪರವಾಗಿ ಇತರರು ಯೋಚಿಸಬೇಕು.

ಏನನ್ನು ಯೋಚಿಸಬೇಕು? ಭಾರತದಲ್ಲಿ ಆಟದ ಕೊನೆಯ ಫಲ ಹೆಚ್ಚಿನವರ ಪಾಲಿಗೆ ಒಂದು ಕೆಲಸ: ರೈಲ್ವೆ, ಪೊಲೀಸ್, ಬ್ಯಾಂಕು. ನೆರೆಯ ಕಾರ್ಕಳ ತಾಲ್ಲೂಕಿನ ಕೃಷಿಕ ಕುಟುಂಬದಿಂದ ಬಂದ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿಯ ಚಿನ್ನ ಗೆದ್ದ ತಂಡದಲ್ಲಿದ್ದರು, ಅರ್ಜುನ ಪ್ರಶಸ್ತಿ ಪಡೆದರು. ಅವರ ಕೈಹಿಡಿದದ್ದೂ ರೈಲ್ವೆಯ ಉದ್ಯೋಗವೇ. ಆದರೆ ಅಂಥ ಒಬ್ಬರ ಹಿಂದೆ ರಾಜ್ಯಮಟ್ಟದಲ್ಲಿ ನಿಂತವರು, ಜಿಲ್ಲಾಮಟ್ಟದಲ್ಲಿ ನಿಂತವರು ಅನೇಕರು. ಅವರ ಬದುಕನ್ನು ಹಿಡಿದು ನಿಲ್ಲಿಸಬೇಕಾದದ್ದು ಅವರು ಆಟದ ನಡುವೆ ಪಡೆದ ಓದು. ಆ ಓದು ಹೆಸರಿಗೆ ಮಾತ್ರ ಇದ್ದರೆ, ದೊರೆತ ಊಟ, ವಸತಿಗಳು ನಾಲ್ಕು ವರ್ಷದ ಕೂಲಿಯಾಗಿ ಮುಗಿಯುತ್ತವೆ.

ಇಲ್ಲಿ ಒಂದು ಕಾಲಸಾಮ್ಯ ನನ್ನ ಗಮನಕ್ಕೆ ಬಂತು. ಅಮೆರಿಕದ ಕಾಲೇಜುಗಳು ಆಟಕ್ಕೆ ವಿದ್ಯಾರ್ಥಿವೇತನವನ್ನು ಒಪ್ಪಿದ 1956ನೆಯ ಇಸವಿಯಲ್ಲಿಯೇ, ನಮ್ಮ ಜಿಲ್ಲೆ ಕನ್ನಡನಾಡನ್ನು ಸೇರಿದ ವರ್ಷದಲ್ಲಿಯೇ, ನಮ್ಮ ಸಂಸತ್ತು ಹಿಂದೂ ದತ್ತಕ ಮತ್ತು ಜೀವನಾಂಶದ ಅಧಿನಿಯಮವನ್ನು ಅಂಗೀಕರಿಸಿತು. ಅದರ 15ನೆಯ ಪ್ರಕರಣದಂತೆ, ವಿಧಿವತ್ತಾಗಿ ಆದ ದತ್ತುಸ್ವೀಕಾರವನ್ನು ಯಾರೂ ರದ್ದುಪಡಿಸುವಂತಿಲ್ಲ. ತೆಗೆದುಕೊಂಡ ತಂದೆತಾಯಿಗಳು ಈ ಮಗು ನಮಗೆ ಬೇಡವೆನ್ನುವಂತಿಲ್ಲ. ಕಾಲು ಮುರಿದರೂ, ಅಂಕ ಕಡಿಮೆಯಾದರೂ, ಮಗು ಮಗುವೇ. ಕ್ರೀಡಾ ದತ್ತು ಈ ಕಾನೂನಿಗೆ ಒಳಪಟ್ಟದ್ದಲ್ಲ, ನಿಜ. ಅದು ಕೊಟ್ಟ ಮಾತು ಮಾತ್ರ. ಆದರೆ ಭಾಷೆಯಲ್ಲಿ ಮಾತೊಂದನ್ನು ಎರವಲು ಪಡೆದವರು ಅದರ ಅರ್ಥದ ಭಾರವನ್ನೂ ಹೊರಬೇಕಾಗುತ್ತದೆ. ಹೊಣೆಯಿಂದ ತಪ್ಪಿಸಿಕೊಳ್ಳಲು ಒಂದು ಮಾತನ್ನು ಕಟ್ಟಿದ ಅಮೆರಿಕದವರು ಅದನ್ನು ಸಡಿಲಿಸಿಕೊಳ್ಳಲು ಎಪ್ಪತ್ತು ವರ್ಷ ಹೆಣಗಿದರು. ನಾವು ಹೊಣೆಯನ್ನು ಹೊತ್ತ ಮಾತನ್ನೇ ಆರಿಸಿಕೊಂಡಿದ್ದೇವೆ.

ಆದ್ದರಿಂದ ಯಾವ ಊರಿನ ಯಾವ ವಿದ್ಯಾಸಂಸ್ಥೆಯೇ ಆಗಲಿ, ಆಟದ ಮಗುವನ್ನು ಕರೆದೊಯ್ಯುವಾಗ ಮೂರು ಸಂಗತಿಗಳನ್ನು ಹೆತ್ತವರ ಎದುರು ಕಾಗದದಲ್ಲಿ ಬರೆದುಕೊಡುವುದು ಉಚಿತ. ಪೆಟ್ಟಾದರೆ ಚಿಕಿತ್ಸೆಯ ಹೊಣೆ ಯಾರದು. ಆಡಲಾಗದೆ ಹೋದರೂ ಓದು ಪದವಿಯವರೆಗೆ ಮುಂದುವರಿಯುತ್ತದೆಯೇ. ಪಂದ್ಯಗಳಿಗಾಗಿ ತಪ್ಪಿದ ಪಾಠಗಳನ್ನು ಮತ್ತೆ ಹೇಳಿಕೊಡುವವರು ಯಾರು. ಹೆತ್ತವರೂ ಸಂಕೋಚಪಡದೆ ಇವನ್ನು ಕೇಳಬೇಕು. ಅನ್ನ ಕೊಡುವವರನ್ನು ಪ್ರಶ್ನಿಸುವುದು ಹೇಗೆಂದು ನಮ್ಮ ಜನ ಹಿಂಜರಿಯುತ್ತಾರೆ. ಆದರೆ ಕೇಳುವುದು ಕೃತಘ್ನತೆಯಲ್ಲ. ಮಗುವನ್ನು ದತ್ತು ಕೊಡುವ ಯಾವ ತಾಯಿಯೂ ಅದು ಹೋಗುವ ಮನೆಯನ್ನು ನೋಡದೆ ಕೊಡುವುದಿಲ್ಲ.

ಇನ್ನು ಹೆಸರು ಬಾರದೆ ಬಸ್ಸಿನ ಕಡೆ ನಡೆದ ಮಕ್ಕಳ ಮಾತು. ಅವರಿಗೆ ಯಾವ ದತ್ತೂ ಇಲ್ಲ. ಅವರಿಗಿರುವುದು ತಮ್ಮ ಶಾಲೆಯ ಮೈದಾನ, ಅಲ್ಲಿಯ ಒಬ್ಬ ದೈಹಿಕ ಶಿಕ್ಷಣದ ಅಧ್ಯಾಪಕರು, ಅವರೂ ಇದ್ದರೆ. ಸ್ಪ್ರಿಂಗ್‌ಫೀಲ್ಡಿನ ಆ ಚಳಿಗಾಲದಲ್ಲಿ ತರಗತಿಯಲ್ಲಿದ್ದ ಹದಿನೆಂಟು ಮಂದಿಯೂ ಆಡಿದ್ದರು. ನಮ್ಮ ಶಾಲೆಗಳ ಸಂಜೆಯ ಗಂಟೆಯಲ್ಲಿ ಅಷ್ಟನ್ನಾದರೂ ಉಳಿಸಿಕೊಂಡರೆ, ಆರಿಸುವವರು ಬಂದು ಹೋದ ಮೇಲೆಯೂ ಅಲ್ಲಿ ಆಟ ನಡೆಯುತ್ತಿರುತ್ತದೆ.